ಫೋಟೋ ಫೋನಿಗೆ ಕಳ್ಸೋ ಟ್ರೇಲ್ ಕ್ಯಾಮೆರಾ: ಎರಡು ಸೀಸನ್ ಕಾಡಲ್ಲಿ ಕಟ್ಟಿ ನೋಡಿದ್ಮೇಲೆ

ಮೊದಲೇ ಹೇಳ್ಬಿಡ್ತೀನಿ, ಮರಕ್ಕೆ ಕಟ್ಟಿಟ್ರೆ ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯೋ ಈ ಕ್ಯಾಮೆರಾಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಆ ಒಂದು ಸ್ಟಾರ್ ಕಟ್ ಮಾಡಿದ್ದು ಆಪ್‌ಗೂ ಕಸ್ಟಮರ್ ಕೇರ್‌ಗೂ ಅಷ್ಟೆ, ಕ್ಯಾಮೆರಾ ಮಾತ್ರ ಮಳೆ ಹಿಮ ಎಲ್ಲಾ ತಡ್ಕೊಂಡು ಕೆಲಸ ಮಾಡಿದೆ. ಕಂಪನಿ ಹೆಸರು ಹಾಕಲ್ಲ, ಯಾಕಂದ್ರೆ ನಾನು ಕಂಡ ತೊಂದ್ರೆಗಳಲ್ಲಿ ಮುಕ್ಕಾಲು ಪಾಲು ಈ ಜಾತಿ ಕ್ಯಾಮೆರಾ ಎಲ್ಲದಕ್ಕೂ ಇರೋದೇ, ಇನ್ನು ನಾನು ಕಲಿತಿದ್ದು ಕ್ಯಾಮೆರಾಕ್ಕಿಂತ ಕಾಯೋದ್ರ ಬಗ್ಗೆನೇ ಜಾಸ್ತಿ. ಇಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಸುತ್ತಮುತ್ತ ಇರೋ ನಮ್ಮವರು ನಾಲ್ಕೈದು ಜನ ಈ ವರ್ಷ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿದಾರೆ, ಎಲ್ರೂ ಮೊದಲು ಕೇಳೋದು "ಯಾವ ಕ್ಯಾಮೆರಾ ತಗೊಳ್ಲಿ" ಅಂತಾನೇ. ಅವರಿಗೋಸ್ಕರ ಇದು, ಸ್ವಲ್ಪ ಉದ್ದ ಆಗುತ್ತೆ.

ನನ್ನ ಬಗ್ಗೆ ಎರಡು ಮಾತು. ಊರು ತೀರ್ಥಹಳ್ಳಿ ಕಡೆ. ನಮ್ಮ ಅಜ್ಜಯ್ಯ ಮರಸಿಗೆ (ಬೇಟೆಗೆ ಅಡಗಿ ಕೂರೋ ಜಾಗ) ಕೂರ್ತಿದ್ದ ಕಾಲದ ಕತೆ ಕೇಳಿ ಬೆಳೆದವನು ನಾನು, ಅಲ್ಲಿ ಕೋವಿ ಹಿಡಿದವನಲ್ಲ. 1972ರ ವನ್ಯಜೀವಿ ಕಾನೂನಿನ ಪ್ರಕಾರ ಈಗ ನಮ್ಮ ಕಡೆ ಶಿಕಾರಿ ಅನ್ನೋದು ಅಪರಾಧ, ಅಲ್ಲಿ ಉಳಿದಿರೋ ಕಾಡಿಗೂ ಪ್ರಾಣಿಗಳಿಗೂ ಅದೇ ಸರಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ವಿಸ್ಕಾನ್ಸಿನ್‌ನಲ್ಲಿ ಲೆಕ್ಕಾಚಾರವೇ ಬೇರೆ. ಬಿಳಿಬಾಲದ ಜಿಂಕೆ, ಅಂದ್ರೆ ವೈಟ್‌ಟೇಲ್, ಇಲ್ಲಿ ಜೋಳದ ಗದ್ದೆ ಸೋಯಾ ಗದ್ದೆ ತಿಂದು ಬೆಳೆದಿರೋದು, ರಸ್ತೇಲಿ ಕಾರಿಗೆ ಸಿಕ್ಕಿ ಸಾಯೋದೇ ಎಷ್ಟೋ, ಹಾಗಾಗಿ ಸರ್ಕಾರವೇ ಲೈಸೆನ್ಸ್ ಕೊಟ್ಟು, ಟ್ಯಾಗ್ (ಒಂದೊಂದು ಪ್ರಾಣಿಗೆ ಒಂದೊಂದು ಅನುಮತಿ ಚೀಟಿ) ಕೊಟ್ಟು, ಯಾವ ಕೌಂಟಿಲಿ, ಅಂದ್ರೆ ಜಿಲ್ಲೇಲಿ, ಎಷ್ಟು ಅಂತ ನಿಗದಿ ಮಾಡಿ ಬೇಟೆಗೆ ಬಿಡುತ್ತೆ. ಸೆಪ್ಟೆಂಬರ್ ಮಧ್ಯದಲ್ಲಿ ಬಿಲ್ಲುಬಾಣದ ಸೀಸನ್ ಶುರು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ (ನವೆಂಬರ್ ಕೊನೇಲಿ ಬರುತ್ತೆ) ಹಿಂದಿನ ಶನಿವಾರದಿಂದ ಒಂಬತ್ತು ದಿನ ಕೋವಿ ಸೀಸನ್. ಆ ಒಂಬತ್ತು ದಿನ ಇಲ್ಲಿ ನಮ್ಮೂರ ದೊಡ್ಡ ಹಬ್ಬದ ಹಾಗೇನೇ, ಪೆಟ್ರೋಲ್ ಬಂಕಲ್ಲಿ ಚರ್ಚಲ್ಲಿ ಎಲ್ಲಾ ಕಡೆ ಬೇಟೆಗಾರರ ಕಿತ್ತಳೆ ಬಣ್ಣದ ಜಾಕೆಟ್ಟೇ.

ನಾನು ಬೇಟೆ ಮಾಡೋದು ಪಶ್ಚಿಮದ ಕಡೆ, ಕಿಕಾಪೂ ನದಿ ಹತ್ರ ಒಬ್ಬ ರೈತರ ಜಮೀನಲ್ಲಿ. ಎಪ್ಪತ್ತೈದು ದಾಟಿದ ಅಜ್ಜ, ನಾಲ್ಕು ವರ್ಷ ಅವರ ಬೇಲಿ ರಿಪೇರಿಗೆ ಕೈ ಹಾಕಿದ್ಮೇಲೆ ಒಳಗೆ ಬಿಟ್ರು. ಈ ಭಾಗಕ್ಕೆ ಡ್ರಿಫ್ಟ್‌ಲೆಸ್ ಅಂತಾರೆ, ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಹಿಮನದಿ ಉಜ್ಜಿ ಸಪಾಟ ಮಾಡ್ತು, ಈ ಭಾಗ ಮಾತ್ರ ಉಳ್ಕೊಳ್ತು, ಅದಕ್ಕೇ ಇನ್ನೂ ಗುಡ್ಡ, ಕಣಿವೆ, ಹಳ್ಳ ಎಲ್ಲಾ ಇದೆ. ಮೊದಲ ಸಲ ನೋಡಿದಾಗ ನಮ್ಮ ಮಲೆನಾಡೇ ಅನ್ನಿಸ್ತು, ಅಡಿಕೆ ಒಂದಿಲ್ಲ ಅಷ್ಟೆ.

ಈಗ ಸಾಮಾನಿನ ವಿಷಯಕ್ಕೆ ಬರ್ತೀನಿ. 2023ರ ಆಗಸ್ಟಲ್ಲಿ ಎರಡು ಕ್ಯಾಮೆರಾ ತಗೊಂಡೆ, ಒಂದೊಂದು ನೂರು ಡಾಲರ್ ಆಸುಪಾಸು. ಸಿಮ್ ಒಳಗೇ ಇರುತ್ತೆ, ನಾವು ಹಾಕ್ಬೇಕಾಗಿಲ್ಲ, ಯಾವ ಟವರ್ ಚೆನ್ನಾಗಿ ಸಿಗುತ್ತೋ ಅದನ್ನ ತಾನೇ ಹಿಡ್ಕೊಳ್ಳುತ್ತೆ. ತಿಂಗಳಿಗೆ ಒಂದು ಕ್ಯಾಮೆರಾಕ್ಕೆ ಹತ್ತು ಡಾಲರ್ ಹತ್ತಿರ ಪ್ಲಾನು. ಕೆಲಸ ಮಾಡೋ ರೀತಿ ಸುಲಭ, ಮುಂದೆ ಒಂದು ಸೆನ್ಸರ್ ಇದೆ, ಬಿಸಿ ಮೈ ಇರೋದೇನಾದ್ರೂ ಅದರ ಎದುರು ಹಾದ್ರೆ ತಕ್ಷಣ ಫೋಟೋ, ಆಮೇಲೆ ಅದರ ಚಿಕ್ಕ ಕಾಪಿ ಫೋನಿಗೆ ಬರುತ್ತೆ, ಪೂರ್ತಿ ಸೈಜಿನದು ಕಾರ್ಡಲ್ಲೇ ಉಳಿಯುತ್ತೆ, ಬೇಕಾದ್ರೆ ಆಪ್‌ನಲ್ಲಿ ಕೇಳಿದ್ರೆ ಅದನ್ನೂ ಕಳಿಸುತ್ತೆ. ರಾತ್ರಿಗೆ ಇನ್‌ಫ್ರಾರೆಡ್ ಲೈಟು. ಇದರಲ್ಲಿ ಎರಡು ಥರ, 850 ನ್ಯಾನೋಮೀಟರಿನದ್ದು ಮಂದವಾಗಿ ಕೆಂಪಗೆ ಹೊಳೆಯುತ್ತೆ ಆದ್ರೆ ದೂರ ತನಕ ಬೆಳಕು ಹೋಗುತ್ತೆ, 940ದು ನಮ್ಮ ಕಣ್ಣಿಗೆ ಕಾಣಲ್ಲ ಆದ್ರೆ ಫೋಟೋ ಸ್ವಲ್ಪ ಕಾಳುಕಾಳು. ನಾನು 940ದೇ ತಗೊಂಡೆ. ಕಾಳುಕಾಳಾದ್ರೂ ಪರವಾಗಿಲ್ಲ, ದೊಡ್ಡ ಬಕ್ (ಗಂಡು ಜಿಂಕೆ) ಒಂದು ಕ್ಯಾಮೆರಾ ಕಡೆ ಕತ್ತೆತ್ತಿ ನೋಡಿ ದಾರಿ ಬದಲಾಯಿಸೋದು ಬೇಡ.

ಬ್ಯಾಟರಿ ವಿಷಯದಲ್ಲಿ ದುಡ್ಡು ಉಳಿಸೋಕೆ ಹೋಗ್ಬೇಡಿ. ಮೊದಲ ವರ್ಷ ಅಗ್ಗದ ಆಲ್ಕಲೈನ್ ಸೆಲ್ ಹಾಕಿದ್ದೆ, ಹನ್ನೆರಡು ಸೆಲ್, ಚಳಿ ಬಿದ್ದ ವಾರದಲ್ಲೇ ಕ್ಯಾಮೆರಾ ಮಲ್ಕೊಂಡ್ಬಿಡ್ತು. ಆಲ್ಕಲೈನ್‌ಗೆ ಚಳೀಲಿ ಶಕ್ತಿ ಬಿದ್ದುಹೋಗುತ್ತೆ, ಲಿಥಿಯಂ ಎಎ ಸೆಲ್ ಮೈನಸ್ ನಲವತ್ತರ ತನಕ ತಡ್ಕೊಳ್ಳುತ್ತೆ. ಈಗ ಲಿಥಿಯಂ ಹಾಕಿ ಮೇಲೊಂದು ಸಣ್ಣ ಸೋಲಾರ್ ಪ್ಯಾನೆಲ್ ಕಟ್ಟಿದೀನಿ, ಎಲೆ ಉದುರಿದ್ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತೆ, ಒಂದು ಸಲ ಹೋಗಿ ಕಟ್ಟಿ ಬಂದ್ರೆ ಸೀಸನ್ ಮುಗಿಯೋವರೆಗೂ ಆ ಕಡೆ ತಲೆ ಹಾಕ್ಬೇಕಾಗಿಲ್ಲ. ತಲೆ ಹಾಕದೇ ಇರೋದೇ ಈ ಕ್ಯಾಮೆರಾದ ಅಸಲಿ ಉಪಯೋಗ. ಹಳೇ ಥರದ ಕ್ಯಾಮೆರಾ ಇದ್ದಾಗ ಕಾರ್ಡ್ ತೆಗೆಯೋಕೆ ಅಂತ ವಾರಕ್ಕೊಂದ್ಸಲ ಹೋಗ್ತಿದ್ದೆ, ಹೋದಾಗೆಲ್ಲ ನನ್ನ ವಾಸನೆ ಅಲ್ಲೇ ಬಿಟ್ಟು ಬರ್ತಿದ್ದೆ, ಹುಲ್ಲು, ಬೂಟು, ಬೆವರು ಎಲ್ಲಾ. ಜಿಂಕೆ ಮೂಗಿಗೆ ಅದು ಗೋಡೆ ಮೇಲೆ ಬರೆದಿಟ್ಟ ಹಾಗೆ.

ಟವರ್ ವಿಷಯ ಇಲ್ಲಿ ದೊಡ್ಡ ತಲೆನೋವು. ಕಣಿವೆ ಕೆಳಗೆ ಹಳ್ಳದ ಹತ್ರ ಒಂದು ಕಡ್ಡಿ ಸಿಗ್ನಲ್ಲೂ ಇಲ್ಲ, ಗುಡ್ಡದ ನೆತ್ತಿ ಹತ್ರ ಎರಡು ಕಡ್ಡಿ. ಕೆಳಗಿನ ಕ್ಯಾಮೆರಾ ಮೊದಲ ತಿಂಗಳು ಪೂರ್ತಿ ಟವರ್ ಹುಡುಕ್ತಾನೇ ಬ್ಯಾಟರಿ ತಿಂದು ಹಾಕ್ತು. ಕಸ್ಟಮರ್ ಕೇರಿಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ "ಫರ್ಮ್‌ವೇರ್ ಅಪ್‌ಡೇಟ್ ಮಾಡಿ" ಅಂದ್ರು, ಮಾಡಿದೆ, ಮಾಡಿದ್ಮೇಲೆ ಚೆನ್ನಾಗಿದ್ದ ಮೇಲಿನ ಕ್ಯಾಮೆರಾ ಎರಡು ದಿನ ಮಾತೇ ಆಡ್ಲಿಲ್ಲ. ಆಮೇಲೆ ಉದ್ದ ಆಂಟೆನಾ ಒಂದು ಬೇರೆ ಕಡೆಯಿಂದ ತರ್ಸಿ ಹಾಕಿ ಕ್ಯಾಮೆರಾನ ಐವತ್ತು ಗಜ ಮೇಲಕ್ಕೆ ಸರಿಸಿದ್ಮೇಲೆ ಸರಿಹೋಯ್ತು. ತಗೊಳ್ಳೋರು ಮೊದಲು ಫೋನ್ ಹಿಡ್ಕೊಂಡು ಜಾಗ ನೋಡ್ಕೊಂಡು ಬನ್ನಿ, ಟವರ್ ಇಲ್ಲದ ಕಡೆ ಇದಕ್ಕೆ ನೂರು ಡಾಲರ್ ಹಾಕೋ ಬದಲು ಹಳೇ ಥರದ್ದೇ ಅರ್ಧ ರೇಟಿಗೆ ಬರುತ್ತೆ.

ಕಟ್ಟೋ ರೀತಿ ಬಗ್ಗೆ ಒಂದೆರಡು ಮಾತು. ಲೆನ್ಸ್ ಉತ್ತರಕ್ಕೆ ಮುಖ ಮಾಡಿರ್ಲಿ, ಪೂರ್ವ ಪಶ್ಚಿಮಕ್ಕೆ ಮಾಡಿದ್ರೆ ಬೆಳಿಗ್ಗೆ ಸಂಜೆ ಸೂರ್ಯನೇ ಫೋಟೋ ತೆಗೆಸ್ತಾನೆ. ಪ್ರಾಣಿ ಓಡಾಡೋ ದಾರಿಗೆ ಅಡ್ಡಡ್ಡ ಇಡ್ಬೇಡಿ, ಓರೆಯಾಗಿ ಇಡಿ, ಇಲ್ಲಾಂದ್ರೆ ಬರೀ ಹಿಂದಿನ ಕಾಲು ಸಿಗುತ್ತೆ. ಎದುರಿಗಿರೋ ಹುಲ್ಲು, ಸಣ್ಣ ರೆಂಬೆ ಸವರಿಬಿಡಿ. ನಾನು ಸವರದೆ ಬಂದು ಗಾಳಿ ಬೀಸಿದ ಒಂದು ಮಧ್ಯಾಹ್ನ ಬಿಸಿಲಿಗೆ ಕಾದ ಗೋಲ್ಡನ್‌ರಾಡ್ ಗಿಡದ ಫೋಟೋನೇ 212 ಬಂದಿತ್ತು, ತಿಂಗಳ ಪ್ಲಾನಿನ ಫೋಟೋ ಲೆಕ್ಕ ಅರ್ಧ ಅದರಲ್ಲೇ ಹೋಯ್ತು.

ಇಲ್ಲೊಂದು ವಿಷಯ ಹೇಳ್ಲೇಬೇಕು, ಪ್ರಾಣಿ ತಾನೇ ತನ್ನ ಫೋಟೋ ತೆಗೆದ್ಕೊಳ್ಳೋ ಈ ವಿದ್ಯೆ ಶುರುವಾಗಿದ್ದೇ ಜಿಂಕೆಯಿಂದ, ಅದೂ ಇಲ್ಲೇ ಪಕ್ಕದ ಮಿಶಿಗನ್ನಿನ ಉತ್ತರ ಭಾಗದಲ್ಲಿ. ಜಾರ್ಜ್ ಶಿರಾಸ್ ಅಂತ ಒಬ್ರು, ಬೇಟೆಗಾರರೇ, ಆಮೇಲೆ ಕೋವಿ ಬಿಟ್ಟು ಕ್ಯಾಮೆರಾ ಹಿಡಿದ್ರು, ಕಾಡುದಾರೀಲಿ ದಾರ ಕಟ್ಟಿ ಜಿಂಕೆ ಅದನ್ನ ಎಡವಿದ್ರೆ ಫ್ಲಾಶ್ ಹೊತ್ಕೊಂಡು ಫೋಟೋ ಬೀಳೋ ಹಾಗೆ ಮಾಡಿದ್ರು. 1906ರ ಜುಲೈನ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಅವರ 74 ಫೋಟೋ ಬಂತು. ಇನ್ನು ನಮ್ಮ ನಾಗರಹೊಳೆಯಲ್ಲಿ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಇದೇ ಥರ ಕ್ಯಾಮೆರಾ ಇಟ್ಟು, ಪಟ್ಟೆ ನೋಡಿ ಒಂದೊಂದು ಹುಲಿಯನ್ನ ಬೇರೆಬೇರೆ ಗುರುತಿಸಿ ಲೆಕ್ಕ ಹಾಕಿದ್ರು. ನಾನು ಮರಕ್ಕೆ ಬೆಲ್ಟ್ ಬಿಗಿಯೋವಾಗ್ಲೆಲ್ಲ ಇದು ನೆನಪಾಗುತ್ತೆ, ತೀರ್ಥಹಳ್ಳಿಯವನೊಬ್ಬ ವಿಸ್ಕಾನ್ಸಿನ್ ಗುಡ್ಡದಲ್ಲಿ ನಿಂತು ಮಾಡ್ತಿರೋ ಕೆಲಸಕ್ಕೆ ಎರಡೂ ಕಡೆ ಬೇರಿದೆ ಅನ್ನಿಸಿ ಖುಷಿ ಆಗುತ್ತೆ.

ಈಗ ಕಾಯೋದ್ರ ಬಗ್ಗೆ. ಮೊದಲ ಸೀಸನ್ನಲ್ಲಿ ನಾನು ಮಾಡಿದ ತಪ್ಪು ಹೇಳ್ತೀನಿ, ಯಾಕಂದ್ರೆ ಈ ಕ್ಯಾಮೆರಾ ತಗೊಂಡೋರೆಲ್ಲ ಮಾಡೋ ತಪ್ಪು ಅದು.

2023ರ ಸೆಪ್ಟೆಂಬರಲ್ಲಿ ಮೇಲಿನ ಕ್ಯಾಮೆರಾದಲ್ಲಿ ಒಂದು ಬಕ್ ಬಂತು. ಕೊಂಬಿನ ಮೇಲಿನ ಮಖಮಲ್ಲಿನಂಥ ಚರ್ಮ ಆಗಷ್ಟೇ ಉದುರಿ ಇನ್ನೂ ಒಂದು ಎಳೆ ನೇತಾಡ್ತಿತ್ತು. ಎಡಗಡೆ ಹಣೆ ಮೇಲಿನ ಕವಲು ತುದೀಲಿ ಎರಡಾಗಿ ಸೀಳಿತ್ತು, ಅದರಿಂದ ಯಾವ ಫೋಟೋದಲ್ಲಾದ್ರೂ ಗುರುತು ಹಿಡೀಬಹುದು. ಯಾವಾಗ್ಲೂ ಒಂಟಿಯಾಗೇ ಬರೋದು. ನಮ್ಮ ಕಡೆ ಗುಂಪು ಬಿಟ್ಟು ತಿರುಗೋ ಹಂದಿಗೆ ಒಂಟಿಗ ಅಂತಾರಲ್ಲ, ನಾನೂ ಅದಕ್ಕೆ ಒಂಟಿಗ ಅಂತಾನೇ ಹೆಸರಿಟ್ಟೆ. ಬಹುತೇಕ ರಾತ್ರಿ ಫೋಟೋಗಳೇ, ಹನ್ನೊಂದು ಗಂಟೆ, ಎರಡು ಗಂಟೆ, ನಾಲ್ಕೂವರೆ.

ಅಕ್ಟೋಬರ್ 21, ಶನಿವಾರ. ನಾನು ವಿರೋಕ್ವಾ ಪೇಟೇಲಿ ಹಾರ್ಡ್‌ವೇರ್ ಅಂಗಡೀಲಿದ್ದೆ, ಅಲ್ಲಿಂದ ಜಮೀನು ಕಾಲು ಗಂಟೆ ದಾರಿ. ನಾಲ್ಕು ಗಂಟೆ ಐದು ನಿಮಿಷಕ್ಕೆ ಫೋನ್ ಟಿಂಗ್ ಅಂತು, ನೋಡಿದ್ರೆ ಒಂಟಿಗ, ಹಗಲು ಬೆಳಕಲ್ಲಿ, ಓಕ್ ಮರದ ಕೆಳಗೆ ಬಿದ್ದ ಕಾಯಿ ಮೇಯ್ತಿದೆ. ಕೈಲಿದ್ದ ಸಾಮಾನು ಅಲ್ಲೇ ಇಟ್ಟು ಓಡಿದೆ. ಗಾಳಿ ನೋಡ್ಲಿಲ್ಲ. ಹತ್ತಿರದ ದಾರಿ ಅಂತ ಗುಡ್ಡದ ನೆತ್ತಿ ಮೇಲಿನ ಟ್ರ್ಯಾಕ್ಟರ್ ದಾರೀಲೇ ನಡೆದೆ, ಗಾಳಿ ವಾಯವ್ಯದಿಂದ, ಅಂದ್ರೆ ನನ್ನ ಬೆನ್ನ ಹಿಂದಿನಿಂದ ಸೀದಾ ಅದರ ಮೂಗಿಗೆ. ಕ್ಯಾಮೆರಾ ಇನ್ನೂ ನೂರು ಗಜ ಇದೆ ಅನ್ನೋವಾಗ ಕೆಳಗಿನ ಹಳುವಿನಿಂದ ಒಂದು ಬುಸ್ ಅನ್ನೋ ಸದ್ದು, ದಪ್ಪ ಪೈಪಿಂದ ಒಮ್ಮೆಲೇ ಗಾಳಿ ಬಿಟ್ಟ ಹಾಗೆ, ಆಮೇಲೆ ಇನ್ನೊಂದು, ಆಮೇಲೆ ಬಿಳಿ ಬಾಲ ಎತ್ಕೊಂಡು ಮೂರು ನೆಗೆತಕ್ಕೆ ಹಳ್ಳ ದಾಟಿ ಹೋಯ್ತು. ಸಂಜೆ ಮನೆಗೆ ಬಂದು ಫೋಟೋ ಸರಿಯಾಗಿ ನೋಡಿದ್ರೆ ಕೆಳಗಿನ ಪಟ್ಟಿಯಲ್ಲಿ ಟೈಮ್ 3:25 ಅಂತಿದೆ. ನಲವತ್ತು ನಿಮಿಷ ಲೇಟಾಗಿ ಬಂದಿತ್ತು ಫೋಟೋ. ಅದು ಮೇಯ್ತಿದೆ ಅಂತ ನಾನು ಓಡಿದಾಗ ಅದು ಮೇಯೋದು ಮುಗಿಸಿ ಮಲಗೋ ಜಾಗಕ್ಕೆ ಹೋಗಿ ಗಾಳಿ ನೋಡ್ಕೊಂಡು ಕೂತಿತ್ತು. ಅದಾದ್ಮೇಲೆ ಹತ್ತೊಂಬತ್ತು ದಿನ ಆ ಬಕ್ಕಿನ ಒಂದೇ ಒಂದು ಹಗಲು ಫೋಟೋ ಬರ್ಲಿಲ್ಲ.

ಭಾನುವಾರ ಅಪ್ಪಯ್ಯಗೆ ವಾಟ್ಸಾಪಲ್ಲಿ ಫೋಟೋ ಕಳಿಸಿ ನಡೆದಿದ್ದು ಹೇಳಿದೆ. ಕೊಂಬಿನ ಬಗ್ಗೆ ಏನೂ ಕೇಳ್ಲಿಲ್ಲ ಅವರು. "ಗಾಳಿ ಯಾವ ಕಡೆಗಿತ್ತೋ?" ಅಂದ್ರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಅಜ್ಜಯ್ಯ ಮರಸಿಗೆ ಹೋಗೋ ದಿನ ಮಧ್ಯಾಹ್ನದಿಂದ ಎಲೆ ಅಡಿಕೆನೂ ಹಾಕ್ತಿರ್ಲಿಲ್ಲ ಮಾರಾಯ, ಕೂತ್ರೆ ಬೆಳಗಿನ ತನಕ ಕೆಮ್ಮೂ ಇಲ್ಲ" ಅಂದ್ರು. ಅಷ್ಟೆ.

ಆ ಚಳಿಗಾಲ ಎಲ್ಲಾ ಫೋಟೋ ಮುಂದಿಟ್ಕೊಂಡು ಒಂದು ನೋಟ್‌ಬುಕ್ಕಲ್ಲಿ ಬರೆದೆ. ದಿನ, ಟೈಮು, ಗಾಳಿ ದಿಕ್ಕು, ಟೆಂಪರೇಚರ್, ಬಕ್ ಯಾವ ಕಡೆಯಿಂದ ಬಂದು ಯಾವ ಕಡೆ ಹೋಯ್ತು. ಗಾಳಿ ದಿಕ್ಕು ಆಪ್ ತಾನೇ ಫೋಟೋ ಜೊತೆ ತೋರಿಸುತ್ತೆ, ಆದ್ರೆ ಅದು ಹತ್ತಿರದ ಹವಾಮಾನ ಸ್ಟೇಷನ್‌ದು, ಕಣಿವೇಲಿ ಗಾಳಿ ಸುತ್ತೋದು ಅದಕ್ಕೆ ಗೊತ್ತಿಲ್ಲ, ಅದನ್ನ ನಂಬಿ ಕೂರ್ಬೇಡಿ. ಬರೆದಾದ್ಮೇಲೆ ನೋಡಿದ್ರೆ ಒಂಟಿಗ ಹಗಲಲ್ಲಿ ಸಿಕ್ಕಿದ್ದು ಒಟ್ಟು ಏಳೇ ಸಲ, ಏಳರಲ್ಲಿ ಆರು ವಾಯವ್ಯ ಗಾಳಿ ಇದ್ದ ದಿನ. ಮೈ ಜುಮ್ ಅಂತು ನನಗೆ. ಈ ಗುಡ್ಡದ ಆಗ್ನೇಯ ಇಳಿಜಾರಲ್ಲಿ, ನೆತ್ತಿಯಿಂದ ಸ್ವಲ್ಪ ಕೆಳಗೆ, ಅದು ಮಲಗೋದು. ವಾಯವ್ಯ ಗಾಳಿ ಬೆನ್ನ ಹಿಂದಿನ ಸುದ್ದಿಯನ್ನೆಲ್ಲ ನೆತ್ತಿ ದಾಟಿಸಿ ಮೂಗಿಗೆ ತಂದುಕೊಡುತ್ತೆ, ಬಿಸಿಲೇರಿದ ಮೇಲೆ ಕಣಿವೆಯ ಬಿಸಿ ಗಾಳಿ ಕೆಳಗಿನಿಂದ ಮೇಲೇರುತ್ತೆ, ಮುಂದಿನದ್ದು ಕಣ್ಣಿಗೆ ಕಾಣುತ್ತೆ. ಮೂರೂ ಕಡೆ ಕಾವಲು ಇಟ್ಕೊಂಡು ಮಲಗೋ ಪ್ರಾಣಿ ಹತ್ರ ನಾನು ಟ್ರ್ಯಾಕ್ಟರ್ ದಾರೀಲಿ ಓಡಿ ಹೋಗಿದ್ದೆ.

ಇದನ್ನ ಒಂದು ಫೋಟೋ ಹೇಳಲ್ಲ, ಒಂದು ವರ್ಷದ ಫೋಟೋ ಹೇಳುತ್ತೆ. ಕ್ಯಾಮೆರಾಕ್ಕೆ ಕೊಟ್ಟ ದುಡ್ಡು ವಾಪಸ್ ಬಂದಿದ್ದು ನನಗೆ ಆ ನೋಟ್‌ಬುಕ್ಕಲ್ಲಿ.

2024ಕ್ಕೆ ನಿಯಮ ಬದಲಾಯಿಸ್ದೆ. ನೋಟಿಫಿಕೇಶನ್ ಪೂರ್ತಿ ಆಫ್. ಆಪ್ ಸೆಟ್ಟಿಂಗಲ್ಲಿ ಫೋಟೋ ಬಂದ ತಕ್ಷಣ ಕಳ್ಸೋ ಬದಲು ದಿನಕ್ಕೆ ಎರಡು ಸಲ ಒಟ್ಟಿಗೆ ಕಳ್ಸೋ ಆಯ್ಕೆ ಇದೆ, ಅದನ್ನ ಹಾಕಿದೆ, ಬ್ಯಾಟರೀನೂ ಉಳೀತು ನನ್ನ ನಿದ್ದೇನೂ ಉಳೀತು. ರಾತ್ರಿ ಊಟ ಆದ್ಮೇಲೆ ಒಂದ್ಸಲ ನೋಡೋದು, ಬರ್ಕೊಳ್ಳೋದು, ಫೋನ್ ಮುಚ್ಚೋದು. ಇನ್ನೊಂದು ನಿಯಮ, ಇವತ್ತಿನ ಫೋಟೋ ನೋಡಿ ಇವತ್ತೇ ಅದರ ಹಿಂದೆ ಹೋಗಲ್ಲ. ವಿಸ್ಕಾನ್ಸಿನ್ನಲ್ಲಿ ಹಾಗೆ ಹೋಗ್ಬಾರ್ದು ಅಂತ ಕಾನೂನಿಲ್ಲ, ಆದ್ರೆ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನವರು ಕೊಂಬಿನ ದಾಖಲೆ ಇಡೋರು, ಅವರು ಲೈವ್ ಫೋಟೋ ನೋಡಿ ತಕ್ಷಣ ಹೋಗಿ ಹೊಡೆದ ಪ್ರಾಣಿಯನ್ನ ದಾಖಲೆಗೆ ಸೇರಿಸಲ್ಲ. ಅರಿಜೋನಾದಲ್ಲಿ 2022ರ ಜನವರಿಯಿಂದ ಬೇಟೆಗೆ ಟ್ರೇಲ್ ಕ್ಯಾಮೆರಾ ಬಳಸೋದೇ ಬಂದ್. ಮರುಭೂಮಿ ರಾಜ್ಯ ಅದು, ನೀರಿನ ಹೊಂಡಗಳು ಕಡಿಮೆ, ಒಂದೊಂದು ಹೊಂಡಕ್ಕೆ ಸಾಲುಸಾಲು ಕ್ಯಾಮೆರಾ ಕಟ್ಟಿದ್ರೆ ನೀರು ಕುಡಿಯೋಕೆ ಬಂದ ಪ್ರಾಣಿಗೆ ತಪ್ಪಿಸ್ಕೊಳ್ಳೋಕೆ ಜಾಗ ಎಲ್ಲಿ? ನೆವಾಡಾ, ಯೂಟಾದಲ್ಲೂ ಸರ್ಕಾರಿ ಜಮೀನಲ್ಲಿ ಸೀಸನ್ ಟೈಮಲ್ಲಿ ನಿರ್ಬಂಧ ಇದೆ. ಬೇರೆ ರಾಜ್ಯದಲ್ಲಿರೋರು ಮೊದಲು ಅಲ್ಲಿನ ರೂಲ್ಸ್ ಓದ್ಕೊಂಡೇ ತಗೊಳ್ಳಿ. ನನಗಂತೂ ಆ ನಿರ್ಬಂಧಗಳು ಸರಿ ಅನ್ಸುತ್ತೆ. ಪ್ರಾಣಿಗೆ ಅದರ ಮೂಗು, ಕಿವಿ ಕೊಡೋ ಅವಕಾಶವನ್ನ ನಾವು ಫೋನ್ ಹಿಡ್ಕೊಂಡು ಕಿತ್ಕೊಳ್ಬಾರ್ದು.

ನವೆಂಬರ್ ಮೊದಲೆರಡು ವಾರ ಇಲ್ಲಿ ವೈಟ್‌ಟೇಲ್ ಬೆದೆಗೆ ಬರೋ ಕಾಲ. ಬೇರೆ ಸಮಯದಲ್ಲಿ ಹೆಚ್ಚಾಗಿ ರಾತ್ರಿ ತಿರುಗೋ ಬಕ್ಕುಗಳು ಆಗ ಹಗಲಲ್ಲೂ ಹೆಣ್ಣಿನ ಹಿಂದೆ ಓಡಾಡ್ತವೆ. ನಾನು ಆಫೀಸಿಗೆ ಮೂರು ದಿನ ರಜೆ ಹಾಕಿ ವಾಯವ್ಯ ಗಾಳಿಗೆ ಕಾಯ್ತಾ ಕೂತೆ. ಸೋಮವಾರ ದಕ್ಷಿಣ ಗಾಳಿ, ಹೋಗ್ಲಿಲ್ಲ. ಮಂಗಳವಾರವೂ ಅದೇ, ಮನೇಲೇ ಕೂತು ಕಿಟಕಿ ಹೊರಗೆ ಎಲೆ ನೋಡೋದು, ಅವತ್ತು ರಾತ್ರಿ ಫೋಟೋದಲ್ಲಿ ಒಂಟಿಗ ಬೆಳಿಗ್ಗೆ ಎಂಟಕ್ಕೆ ನೆಲ ಕೆರೆದು ಮೇಲಿನ ರೆಂಬೆಗೆ ಮುಖ ಉಜ್ಜಿ ಹೋಗಿತ್ತು. ಹೋಗಿದ್ರೆ ಸಿಗ್ತಿತ್ತೇನೋ ಅಂತ ಹೊಟ್ಟೆ ಒಳಗೆ ಸಂಕಟ ಆಯ್ತು. ಆದ್ರೂ ಬುಧವಾರವೂ ಹೋಗ್ಲಿಲ್ಲ. ಕಾಯೋದು ಅಂದ್ರೆ ಮರದ ಮೇಲೆ ಕೂರೋದು ಅಂತ ತಿಳ್ಕೊಂಡಿದ್ದೆ ನಾನು, ಅದಕ್ಕಿಂತ ಕಷ್ಟದ್ದು ಹೋಗದೇ ಇರೋದು.

ಗುರುವಾರ ಗಾಳಿ ತಿರುಗ್ತು. ಇನ್ನೊಂದು ದಿನ ರಜೆ ಕೇಳಿ, ಬೆಳಗಿನ ಜಾವ ನಾಲ್ಕಕ್ಕೆ ಗಾಡಿ ನಿಲ್ಸಿ, ಈ ಸಲ ಕೆಳಗಿನ ಹಳ್ಳದ ದಾರಿ ಹಿಡಿದೆ. ಹತ್ತು ನಿಮಿಷದ ಜಾಗಕ್ಕೆ ನಲವತ್ತು ನಿಮಿಷ. ಕತ್ತಲಲ್ಲಿ ತಣ್ಣನೆ ಗಾಳಿ ಇಳಿಜಾರಲ್ಲಿ ಕೆಳಗೇ ಹರಿಯುತ್ತೆ, ನನ್ನ ವಾಸನೆ ಮೇಲೆ ಹೋಗಲ್ಲ. ಮರಸು ಇದ್ದಿದ್ದು ಕ್ಯಾಮೆರಾಕ್ಕಿಂತ ಮೂವತ್ತೈದು ಗಜ ಪಕ್ಕಕ್ಕೆ, ಒಂದು ಬಿಳಿ ಓಕ್ ಮರದಲ್ಲಿ ಹದಿನೆಂಟು ಅಡಿ ಮೇಲೆ. ಹಾರ್ನೆಸ್ ಬೆಲ್ಟ್ ಹಾಕ್ದೆ ಹತ್ಬೇಡಿ ಯಾರೂ, ಬೇಟೆಗಾರರಿಗೆ ಏಟಾಗೋದ್ರಲ್ಲಿ ಮರದಿಂದ ಬೀಳೋದು ದೊಡ್ಡ ಕಾರಣ.

ಬೆಳಕಾಯ್ತು, ಅಳಿಲು ಬಂತು, ಟರ್ಕಿ ಕೋಳಿ ಒಂಬತ್ತು ಸಾಲಾಗಿ ಹೋದ್ವು. ಎಂಟು, ಒಂಬತ್ತು, ಹತ್ತು. ಕಾಲು ಬೆರಳು ಸೆಟೆದು ಹೋಯ್ತು. ಫೋನ್ ಬ್ಯಾಗಲ್ಲಿ, ಆಫ್. ಹನ್ನೊಂದು ನಲವತ್ತಕ್ಕೆ ಕೆಳಗಡೆ ಒಣ ಎಲೆ ಮೇಲೆ ಓಡಿದ ಸದ್ದು, ಮೊದಲು ಒಂದು ಹೆಣ್ಣು ಬಾಯಿ ತೆರ್ಕೊಂಡು ನುಗ್ಗಿ ಬಂತು, ಅದರ ಹಿಂದೆ ಇಪ್ಪತ್ತು ಮಾರು ಬಿಟ್ಟು ಒಂಟಿಗ. ಫೋಟೋದಲ್ಲಿ ಕಂಡಿದ್ದಕ್ಕೂ ಎದುರಿಗೆ ಕಂಡಿದ್ದಕ್ಕೂ ಸಂಬಂಧವೇ ಇಲ್ಲ. ಕುತ್ತಿಗೆ ಊದಿ ಎದೆಗಿಂತ ದಪ್ಪ ಆಗಿದೆ, ಹಿಂಗಾಲಿನ ಒಳಗಡೆ ಗ್ರಂಥಿ ಇರೋ ಜಾಗ ಟಾರು ಬಳಿದ ಹಾಗೆ ಕಪ್ಪು, ಅದರ ವಾಸನೆ ನನಗೇ ಮೇಲೆ ತನಕ ಬಂತು, ಹುಳಿ ಹುಳಿ, ಹಟ್ಟೀಲಿ ಹೋತ ಕಟ್ಟಿದ ಹಾಗೆ. ಉಸಿರು ಬಿಟ್ಟಾಗ ಮೂಗಿಂದ ಹಬೆ. ಹಣೆ ಮೇಲಿನ ಸೀಳಿದ ಕವಲಿಗೆ ಸಿಡಾರ್ ತೊಗಟೆಯ ಕೆಂಪು ನಾರು ಸುತ್ಕೊಂಡಿದೆ. ನಿಂತ್ಕೊಳ್ತು. ಇಪ್ಪತ್ತೆರಡು ಗಜ. ನಾನು ಕ್ರಾಸ್‌ಬೋ (ಅಡ್ಡಬಿಲ್ಲು) ಎತ್ತಿ ಆಗಿತ್ತು, ಆದ್ರೆ ಅದರ ಎದೆ ಜಾಗಕ್ಕೆ ಸರಿಯಾಗಿ ಅಡ್ಡ ಹೆಬ್ಬೆರಳು ದಪ್ಪದ ಒಂದು ಗಿಡ. ಬಾಣ ಆ ಗಿಡಕ್ಕೆ ತಾಗಿದ್ರೆ ಎಲ್ಲಿ ಹೋಗುತ್ತೆ ಅಂತ ಹೇಳೋಕಾಗಲ್ಲ, ಹೊಟ್ಟೆಗೋ ಕಾಲಿಗೋ ತಾಗಿ ಎರಡು ದಿನ ನರಳಿ ಸಾಯುತ್ತೆ. ಒಂದು ಹೆಜ್ಜೆ ಮುಂದಿಟ್ರೆ ಸಾಕಿತ್ತು. ಇಡ್ಲಿಲ್ಲ. ಹೆಣ್ಣು ತಿರುಗಿ ಕೆಳಗೆ ಓಡ್ತು, ಅದೂ ಬಂದ ದಾರೀಲೇ ತಿರುಗಿ ಅದರ ಹಿಂದೆ ಹೋಯ್ತು. ಎಲ್ಲಾ ಸೇರಿ ಒಂದೂವರೆ ನಿಮಿಷ ಇರಬಹುದು. ಕೈ ನಡುಗೋದು ನಿಂತಿದ್ದು ಅರ್ಧ ಗಂಟೆ ಆದ್ಮೇಲೆ.

ಅವತ್ತು ರಾತ್ರಿ ಆಪ್ ತೆಗೆದು ನೋಡಿದ್ರೆ ಕ್ಯಾಮೆರಾದಲ್ಲಿ ಅಳಿಲು, ಟರ್ಕಿ ಕೋಳಿ, ಮಧ್ಯಾಹ್ನ ಎರಡಕ್ಕೆ ಒಂದು ರಕೂನ್. ಒಂಟಿಗ ಇಲ್ಲ. ಮೂವತ್ತೈದು ಗಜ ದೂರದಲ್ಲೇ ಅದು ಬಂದು ನಿಂತು ಹೋಗಿತ್ತು, ಕ್ಯಾಮೆರಾಕ್ಕೆ ಗೊತ್ತೇ ಆಗಿಲ್ಲ. ಫೋಟೋ ಬರ್ಲಿಲ್ಲ ಅಂತ ಇಳಿದು ಬಂದಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ. ಇದನ್ನ ತಗೊಳ್ಳೋರು ಇದೊಂದು ನೆನಪಿಟ್ಕೊಳ್ಳಿ, ಅದಕ್ಕೆ ಕಾಣೋದು ಬೀಸಣಿಗೆ ಬಿಡಿಸಿದಷ್ಟು ಅಗಲ, ಉದ್ದ ಎಂಬತ್ತು ತೊಂಬತ್ತು ಅಡಿ, ಅಷ್ಟೇ. ಅದರಲ್ಲಿ ಬರ್ಲಿಲ್ಲ ಅಂದ್ರೆ ಕಾಡಲ್ಲಿ ಇಲ್ಲ ಅಂತಲ್ಲ.

ನವೆಂಬರ್ 23ಕ್ಕೆ ಕೋವಿ ಸೀಸನ್ ಶುರುವಾಯ್ತು, ಎರಡನೇ ದಿನ ಸಂಜೆ ಕೆಳಗಿನ ಜೋಳದ ಗದ್ದೆ ಅಂಚಲ್ಲಿ ಒಂದು ದೊಡ್ಡ ಹೆಣ್ಣು ಸಿಕ್ತು, ಹೆಣ್ಣಿನ ಟ್ಯಾಗ್ ಇತ್ತು, ಒಂದೇ ಈಡಿಗೆ ಬಿತ್ತು. ಮಾರನೇ ದಿನ ಸಂಜೆ ಐದರ ಒಳಗೆ ಆನ್‌ಲೈನಲ್ಲಿ ರಿಜಿಸ್ಟರ್ ಮಾಡ್ಬೇಕು ಇಲ್ಲಿ, ಮಾಡಿದೆ. ತಲೆಯನ್ನ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಟೆಸ್ಟಿಗೆ ಡಿಎನ್‌ಆರ್ (ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ) ಇಟ್ಟಿರೋ ಡಬ್ಬಿಗೆ ಹಾಕಿ ಬಂದೆ. ಇದು ಜಿಂಕೆಗಳ ಮೆದುಳಿಗೆ ಬರೋ ಕಾಯಿಲೆ, ವಿಸ್ಕಾನ್ಸಿನ್ನಲ್ಲಿ ಮೊದಲು ಸಿಕ್ಕಿದ್ದು 2002ರಲ್ಲಿ. ಮನುಷ್ಯರಿಗೆ ಬಂದಿದ್ದು ಇಲ್ಲ, ಆದ್ರೂ ಕಾಯಿಲೆ ಇರೋ ಪ್ರಾಣಿಯ ಮಾಂಸ ತಿನ್ಬೇಡಿ ಅಂತಾನೇ ಆರೋಗ್ಯ ಇಲಾಖೆಯವರು ಹೇಳೋದು. ಟೆಸ್ಟ್ ಫ್ರೀ. ರಿಸಲ್ಟ್ ಬರೋತನಕ ಎರಡು ವಾರ ಮಾಂಸ ಫ್ರೀಜರಲ್ಲಿ ಮುಟ್ಟದೇ ಇಟ್ಟಿದ್ವಿ, ನೆಗೆಟಿವ್ ಬಂದ ದಿನ ಮನೆಯವಳು ಕಾಳುಮೆಣಸು ಹಾಕಿ ಮಾಡಿದ್ಲು, ಜೊತೆಗೆ ಕಡುಬು. ಜಮೀನಿನ ಅಜ್ಜನಿಗೂ ಒಂದು ಡಬ್ಬಿ ಕೊಟ್ಟು ಬಂದೆ, ಖಾರ ಅಂತ ಕಣ್ಣಲ್ಲಿ ನೀರು ಬಂದ್ರೂ ಡಬ್ಬಿ ಖಾಲಿ ಮಾಡಿ ಕೊಟ್ರು.

ಯಾರು ತಗೋಬೇಕು ಅಂತ ಕೇಳಿದ್ರೆ, ನನ್ನ ಹಾಗೆ ಜಮೀನಿಂದ ಎರಡು ಗಂಟೆ ದೂರ ಇರೋರು, ವರ್ಷಪೂರ್ತಿ ಲೆಕ್ಕ ಬರ್ಕೊಳ್ಳೋ ಮನಸ್ಸಿರೋರು ಧಾರಾಳವಾಗಿ ತಗೊಳ್ಳಿ. ಒಂದೇ ಸಾಕು ಮೊದಲಿಗೆ, ಆಗಸ್ಟಲ್ಲೇ ಕಟ್ಟಿ, ಸೀಸನ್ ಹತ್ರ ಬಂದಾಗ ಕಾಡಿಗೆ ಹೋಗಿ ಗಲಾಟೆ ಮಾಡ್ಬೇಡಿ. ಫೋನ್ ಟಿಂಗ್ ಅಂದ್ರೆ ಕೂರೋಕಾಗದೇ ಇರೋ ಸ್ವಭಾವದವರು ಮೊದಲ ದಿನವೇ ನೋಟಿಫಿಕೇಶನ್ ಆಫ್ ಮಾಡಿ ಇಟ್ಕೊಳ್ಳಿ. ಕಂಪನಿಯವರು ಜಾಹೀರಾತಲ್ಲಿ ತೋರಿಸೋದೇ ಬೇರೆ, ಆಫೀಸಲ್ಲಿ ಕೂತವನಿಗೆ ಫೋಟೋ ಬರುತ್ತೆ, ಅವನು ಎದ್ದು ಹೋಗ್ತಾನೆ, ಬಕ್ ಸಿಗುತ್ತೆ. ಅದು ನನಗೆ ಇಷ್ಟ ಆಗ್ಲಿಲ್ಲ, ಹೊಸಬರು ಅದನ್ನ ನೋಡಿ ತಗೊಂಡು ಕಾಡೆಲ್ಲಾ ಕದಡ್ತಾರೆ.

ಸೀಸನ್ ಮುಗಿದ್ಮೇಲೂ ಕ್ಯಾಮೆರಾ ತೆಗೀಲಿಲ್ಲ ನಾನು. ಚಳಿಗಾಲದಲ್ಲಿ ತಿಂಗಳ ಪ್ಲಾನು ಕಮ್ಮಿದಕ್ಕೆ ಇಳಿಸಬಹುದು, ಇಳಿಸಿದೀನಿ. ಡಿಸೆಂಬರ್ ಪೂರ್ತಿ ಒಂಟಿಗನ ಸುದ್ದಿ ಇಲ್ಲ, ಪಕ್ಕದ ಜಮೀನಲ್ಲಿ ಯಾರಿಗಾದ್ರೂ ಸಿಕ್ಕಿರ್ಬೇಕು ಅಂದ್ಕೊಂಡು ಸುಮ್ಮನಾಗಿದ್ದೆ. ಮೊನ್ನೆ ಫೆಬ್ರವರಿ ಮೊದಲ ವಾರ ರಾತ್ರಿ ಊಟ ಆದ್ಮೇಲೆ ಆಪ್ ತೆಗೆದ್ರೆ ಒಂದು ಫೋಟೋ, ಮಂಡಿ ತನಕ ಹಿಮ, ಬೆಳಿಗ್ಗೆ 6:52, ವಾಯವ್ಯ ಗಾಳಿ. ಪಕ್ಕೆಲುಬು ಸ್ವಲ್ಪ ಕಾಣೋ ಹಾಗೆ ಸೊರಗಿದೆ. ಬಲಗಡೆ ಕೊಂಬು ಉದುರಿ ಹೋಗಿದೆ, ಎಡಗಡೆದು ಇನ್ನೂ ಇದೆ, ಸೀಳಿದ ಕವಲು ಸ್ಪಷ್ಟವಾಗಿ ಕಾಣ್ತಿದೆ. ಅಪ್ಪಯ್ಯಗೆ ಕಳಿಸಿದೆ. "ಉಳ್ಕೊಂಡಿದ್ಯಲ್ಲ" ಅಂತ ಬರೆದ್ರು. ಹಿಮ ಕರಗ್ಲಿ, ಮಾರ್ಚಲ್ಲಿ ಮಗಳನ್ನ ಕರ್ಕೊಂಡು ಆ ಆಗ್ನೇಯ ಇಳಿಜಾರಲ್ಲಿ ಉದುರಿದ ಕೊಂಬು ಹುಡುಕೋಕೆ ಹೋಗ್ತೀನಿ.